ನಡೆದ ದಿನ ಮಾತ್ರೆ ಬೇಡವೆಂದುಕೊಂಡವರು: ಒಂದು ಆಪ್ತಸಲಹೆ ಪ್ರಕರಣ

ಕೊಡಗಿನ ಸಿದ್ದಾಪುರದ ಕಡೆಯ ಕಾಫಿ ತೋಟವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು, ಆಳುಗಳ ಕೆಲಸ ಮತ್ತು ಹಾಜರಿ ನೋಡಿಕೊಳ್ಳುವ ರೈಟರ್ ಆಗಿ ದುಡಿಯುತ್ತಿರುವ, 51 ವರ್ಷದ ಒಬ್ಬರನ್ನು ಅವರ ವೈದ್ಯರು ನನ್ನ ಬಳಿಗೆ ಕಳುಹಿಸಿದ್ದು, ಮಳೆ ಸ್ವಲ್ಪ ಬಿಡುವು ಕೊಟ್ಟಿದ್ದ ಸೆಪ್ಟೆಂಬರ್ ತಿಂಗಳಲ್ಲಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ರೈಟರ್ ಎಂದೇ ಕರೆಯುತ್ತೇನೆ. ಚೀಟಿಯಲ್ಲಿ ವೈದ್ಯರು ಬರೆದದ್ದು ಒಂದೇ ಸಾಲು: ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ, ಕಾರಣ ಹೇಳುತ್ತಿಲ್ಲ.’

ಅವರ ವರದಿಗಳ ಪ್ರಕಾರ ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ 6.1. ಮೊದಲನೆಯದು 100ರಿಂದ 125ರೊಳಗೆ, ಎರಡನೆಯದು 5.7ರಿಂದ 6.4ರೊಳಗೆ ಇದ್ದರೆ ಅದನ್ನು ಮಧುಮೇಹದ ಹೊಸ್ತಿಲು, ಅಂದರೆ ಪ್ರಿಡಯಾಬಿಟಿಸ್ ಎನ್ನುತ್ತಾರೆ. ವೈದ್ಯರ ಚಿಂತೆ ಇದ್ದದ್ದು ಬೇರೆ ಮೂರು ಅಂಕಿಗಳ ಬಗ್ಗೆ: ರಕ್ತದೊತ್ತಡ 146/92, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 148, ಸೊಂಟದ ಸುತ್ತಳತೆ 98 ಸೆಂಟಿಮೀಟರ್. ನಮ್ಮ ಜನರಲ್ಲಿ ಗಂಡಸರಿಗೆ 90 ದಾಟಿದರೆ ಎಚ್ಚರ ಬೇಕು. ಇದರ ಜೊತೆಗೆ ಅವರ ಅಣ್ಣ 54ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಹಾಗಾಗಿ ಸಕ್ಕರೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಕೊಲೆಸ್ಟರಾಲಿಗೆ ಅಟೋರ್ವಾಸ್ಟಾಟಿನ್ 10 ಮಿಲಿಗ್ರಾಂ, ಹೀಗೆ ಮೂರು ಮಾತ್ರೆ ಬರೆದುಕೊಟ್ಟಿದ್ದರು.

ಮೊದಲ ಭೇಟಿಯಲ್ಲಿ ರೈಟರ್ ಹೆಚ್ಚು ಮಾತಾಡಲಿಲ್ಲ. ಅಂಗಿಯ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರು. ತೋಟದ ಆಳುಗಳ ಹಾಜರಿ ಬರೆಯುವ ಚೆಕ್‌ರೋಲಿನ ಮಾದರಿಯಲ್ಲೇ ಸ್ಕೇಲು ಹಿಡಿದು ಗೆರೆ ಎಳೆದಿದ್ದರು. ಬೆಳಗಿನ ಐದೂವರೆಗೆ ಎದ್ದು ತೋಟದ ರಸ್ತೆಯಲ್ಲಿ ಒಂದು ಗಂಟೆ ನಡೆದ ದಿನಕ್ಕೆ ನೀಲಿ ಶಾಯಿಯ ಗೀಟು, ನಡೆಯದ ದಿನಕ್ಕೆ ಕೆಂಪು ಸೊನ್ನೆ. ಸೊನ್ನೆಯಿದ್ದ ದಿನಗಳ ಪಕ್ಕದಲ್ಲಿ ಮಾತ್ರ ಸಣ್ಣದಾಗಿ ‘ಮಾ’ ಎಂದಿತ್ತು. ಅದೇನೆಂದು ಕೇಳಿದೆ. ‘ಮಾತ್ರೆ, ಮೇಡಂ. ನಡೆದ ದಿನ ಬೇಡವಲ್ಲ’ ಎಂದರು. ವೈದ್ಯರಿಗೆ ಸಿಗದ ಕಾರಣದ ಅರ್ಧ ಭಾಗ ಆ ಪುಸ್ತಕದಲ್ಲೇ ಇತ್ತು. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ತಪ್ಪೆಂದು ಹೇಳಲು ನನಗೂ ಸ್ವಲ್ಪ ಸಂಕೋಚವಾಯಿತೆಂದು ಒಪ್ಪಿಕೊಳ್ಳಬೇಕು.

ಅಟೋರ್ವಾಸ್ಟಾಟಿನ್ನನ್ನಂತೂ ಅವರು ಪೂರ್ತಿಯಾಗಿ ಬಿಟ್ಟಿದ್ದರು. ಆ ಮಾತ್ರೆ ಸಕ್ಕರೆಯನ್ನು ಏರಿಸುತ್ತದೆಂದು ಯಾರೋ ಫೋನಿಗೆ ಕಳುಹಿಸಿದ್ದ ಸಂದೇಶ ಅದಕ್ಕೆ ಕಾರಣ. ಎರಡು ವಾರದ ನಂತರ ಜೊತೆಗೆ ಬಂದ ಅವರ ಪತ್ನಿ, ತಾವು ಮಾತ್ರೆಯ ಹಾಳೆಗಳನ್ನು ಗುಟ್ಟಾಗಿ ಎಣಿಸುತ್ತಿರುವುದನ್ನೂ, ಅದು ಗೊತ್ತಾದ ದಿನ ಮನೆಯಲ್ಲಿ ದೊಡ್ಡ ಮಾತಾದದ್ದನ್ನೂ ಹೇಳಿದರು. ‘ಇವರು ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಕುಡಿಯುತ್ತಾರೆ, ದಿನಕ್ಕೆ ಐದು ಲೋಟ. ಅದರಿಂದ ತೊಂದರೆಯಿಲ್ಲ ತಾನೇ?’ ಎಂದು ಅವರೇ ಕೇಳಿದರು. ರಕ್ತದ ಸಕ್ಕರೆಯ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ಅಂತರವಿಲ್ಲವೆಂದಾಗ ಇಬ್ಬರ ಮುಖವೂ ಚಿಕ್ಕದಾಯಿತು. ಕೊಡಗಿನಲ್ಲಿ ಬೆಲ್ಲದ ಕಾಫಿಯ ವಿರುದ್ಧ ಮಾತಾಡುವುದು ಸುಲಭವಲ್ಲ.

ಪತ್ನಿ ಹೊರಗೆ ಹೋಗಿ ಕುಳಿತ ಮೇಲೆ ಉಳಿದರ್ಧ ಕಾರಣ ಹೊರಬಂತು. ‘ಅಣ್ಣನೂ ಮಾತ್ರೆ ಶುರುಮಾಡಿದ ಎರಡೇ ತಿಂಗಳಿಗೆ ಹೋದ ಮೇಡಂ, ಕಾಫಿ ಕೊಯ್ಲಿನ ಸಮಯದಲ್ಲಿ, ಕಣದಲ್ಲೇ.’ ಅವರ ಮನಸ್ಸಿನಲ್ಲಿ ಮಾತ್ರೆಯೆಂದರೆ ಸಾವಿನ ಮುನ್ಸೂಚನೆ, ನಡಿಗೆಯೆಂದರೆ ಅದನ್ನು ದೂರವಿಡುವ ವ್ರತ. ಈ ನಂಟನ್ನು ಬಿಡಿಸದೆ ಎಷ್ಟು ಅಂಕಿಅಂಶ ಹೇಳಿದರೂ ವ್ಯರ್ಥವೆಂದು ನನಗನ್ನಿಸಿತು. ಅಣ್ಣನಿಗೆ ಎಷ್ಟು ವರ್ಷದಿಂದ ರಕ್ತದೊತ್ತಡವಿತ್ತೆಂದು ಕೇಳಿದೆ. ಹತ್ತು ವರ್ಷದಿಂದ ಇತ್ತು, ಯಾರ ಮಾತನ್ನೂ ಕೇಳಿರಲಿಲ್ಲ ಎಂದರು. ಆಮೇಲೆ ತುಸು ಹೊತ್ತು ಸುಮ್ಮನಿದ್ದು, ‘ಹಾಗಾದರೆ ಮಾತ್ರೆ ಬಂದದ್ದು ತಡವಾಗಿ’ ಎಂದು ತಾವೇ ಹೇಳಿದರು. ಅದಕ್ಕೆ ನಾನೇನೂ ಸೇರಿಸಲಿಲ್ಲ.

ಲೆಕ್ಕದ ವಿಷಯಕ್ಕೆ ಬಂದದ್ದು ಮೂರನೆಯ ಭೇಟಿಯಲ್ಲಿ. ನಡಿಗೆ ಮತ್ತು ಮಾತ್ರೆಗಳು ಮಾಡುವ ಕೆಲಸ ಒಂದೇ ಆಗಿದ್ದರೆ ಒಂದಿದ್ದ ದಿನ ಇನ್ನೊಂದನ್ನು ಬಿಡಬಹುದಿತ್ತು. ಸ್ನಾಯುಗಳು ದುಡಿಯುವಾಗ ಇನ್ಸುಲಿನ್ನಿಗೆ ಕಾಯದೆ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುವುದರಿಂದ, ಸಕ್ಕರೆಯ ವಿಷಯದಲ್ಲಿ ನಡಿಗೆಯ ಬಲ ನಿಜಕ್ಕೂ ದೊಡ್ಡದು: ಅಮೆರಿಕದಲ್ಲಿ ಇಂಥದೇ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 150 ನಿಮಿಷದ ವ್ಯಾಯಾಮದ ಜೊತೆ ತೂಕ ಇಳಿಸುವ ಆಹಾರಕ್ರಮ ಪಾಲಿಸಿದವರಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ 58 ಶೇಕಡಾ ಇಳಿಯಿತು, ಮೆಟ್‌ಫಾರ್ಮಿನ್ ಪಡೆದವರಲ್ಲಿ 31 ಶೇಕಡಾ. ಚೆನ್ನೈಯಲ್ಲಿ 531 ಜನರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ನಮ್ಮ ದೇಶದ ಅಧ್ಯಯನದಲ್ಲಿ ಎರಡೂ ಹೆಚ್ಚುಕಡಿಮೆ ಸಮವಾಗಿದ್ದು, ಎರಡನ್ನೂ ಸೇರಿಸಿದಾಗ ಹೆಚ್ಚುವರಿ ಲಾಭವೇನೂ ಕಾಣಲಿಲ್ಲ. ಆದರೆ ಅಮೆರಿಕದ ಆ ಜನರನ್ನೇ ಸುಮಾರು 21 ವರ್ಷ ಗಮನಿಸಿದಾಗ, ಮೆಟ್‌ಫಾರ್ಮಿನ್ನಿನಿಂದಾಗಲಿ ಆ ಜೀವನಕ್ರಮದಿಂದಾಗಲಿ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದದ್ದು ಕಂಡುಬರಲಿಲ್ಲ. ಚೀನಾದ ದಾಚಿಂಗ್‌ನಲ್ಲಿ 1986ರಲ್ಲಿ ಆರಂಭವಾದ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮದಿಂದ 30 ವರ್ಷಗಳಲ್ಲಿ ಅಂಥವು ಕಡಿಮೆಯಾದವು. ನನ್ನ ತಿಳಿವಳಿಕೆಯಲ್ಲಿ ಇದರರ್ಥ ಇಷ್ಟು: ಸಕ್ಕರೆಯನ್ನು ಹೊಸ್ತಿಲಲ್ಲೇ ತಡೆದರೆ ಹೃದಯವೂ ಉಳಿಯಿತೆಂದು ನಿಶ್ಚಿಂತರಾಗುವಂತಿಲ್ಲ, ರಕ್ತದೊತ್ತಡವನ್ನೂ ಎಲ್‌ಡಿಎಲ್‌ಅನ್ನೂ ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ನಿಯಮಿತ ನಡಿಗೆಯಿಂದ ಮೇಲಿನ ರಕ್ತದೊತ್ತಡ 5ರಿಂದ 8ರಷ್ಟು ಇಳಿಯಬಹುದು. 146ನ್ನು 130ರ ಕೆಳಗೆ ತರಲು ಅದು ಸಾಲದು. ಎಲ್‌ಡಿಎಲ್ ಅಂತೂ ನಡಿಗೆಗೆ ಅಷ್ಟಾಗಿ ಬಗ್ಗುವುದೇ ಇಲ್ಲ. ಅದನ್ನು ಸ್ಟಾಟಿನ್ (ಅಟೋರ್ವಾಸ್ಟಾಟಿನ್ ಈ ಗುಂಪಿನ ಮಾತ್ರೆ) ಮೂಲಕ 39 ಅಂಕದಷ್ಟು ಇಳಿಸಿದರೆ ಹೃದಯ ಮತ್ತು ರಕ್ತನಾಳಗಳ ದೊಡ್ಡ ಆಘಾತಗಳು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ. ಫೋನಿಗೆ ಬಂದ ಸಂದೇಶ ಪೂರ್ತಿ ಸುಳ್ಳಲ್ಲವೆಂಬುದನ್ನೂ ಮುಚ್ಚಿಡಲಿಲ್ಲ: ಸ್ಟಾಟಿನ್ ಸಕ್ಕರೆಯನ್ನು ತುಸು ಏರಿಸುತ್ತದೆ, ಹೊಸ್ತಿಲಲ್ಲಿರುವ ಕೆಲವರು ಅದರಿಂದ ಬೇಗ ಒಳಗೆ ಕಾಲಿಡುತ್ತಾರೆ, ಆದರೂ ಇವರಷ್ಟು ಹೃದಯದ ಅಪಾಯವಿರುವವರಿಗೆ ಲಾಭವೇ ಹೆಚ್ಚು. ಹಾಗಾಗಿ ಸ್ಟಾಟಿನ್ ಮತ್ತು ರಕ್ತದೊತ್ತಡದ ಮಾತ್ರೆಗಳನ್ನು ದಿನಬಿಟ್ಟು ದಿನ ತೆಗೆದುಕೊಳ್ಳದೆ ವೈದ್ಯರು ಬರೆದಂತೆಯೇ ನಡೆಸಿಕೊಂಡು ಹೋಗಲು, ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂಬ ಪ್ರಶ್ನೆಯನ್ನು ಮಾತ್ರ ವೈದ್ಯರ ಮುಂದೆ ಬಾಯಿಬಿಟ್ಟು ಕೇಳಲು ಸಲಹೆ ಕೊಟ್ಟೆ.

ನಡಿಗೆಯ ಕ್ರಮವೂ ಬದಲಾಗಬೇಕಿತ್ತು. ನಸುಕಿನ ತೋಟದ ರಸ್ತೆ ಆನೆಗಳದ್ದು. ಆನೆ ಬಂದಿದೆಯೆಂಬ ಸುದ್ದಿಯಿದ್ದ ದಿನವೂ ಇವರು ನಡಿಗೆ ತಪ್ಪಿಸುತ್ತಿರಲಿಲ್ಲ, ತಪ್ಪಿಸಿದರೆ ಮಾತ್ರೆ ನುಂಗಬೇಕಲ್ಲ! ಒಂದೇ ಸಲ ಒಂದು ಗಂಟೆ ನಡೆಯುವ ಬದಲು ಮೂರು ಹೊತ್ತಿನ ಊಟದ ನಂತರ ಹತ್ತು ಹದಿನೈದು ನಿಮಿಷದಂತೆ ನಡೆದರೆ, ಕಡುಬಿನದೋ ಅಕ್ಕಿ ರೊಟ್ಟಿಯದೋ ಸಕ್ಕರೆ ಏರುವ ಹೊತ್ತಿಗೇ ಸ್ನಾಯುಗಳು ಅದನ್ನು ಬಳಸಿಕೊಳ್ಳುತ್ತವೆ. ಮಳೆಯಿದ್ದರೆ ಗೋದಾಮಿನ ಉದ್ದನೆಯ ಜಗಲಿ ಸಾಕು. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗವಿರಲಿ ಎಂದೆ; ದಿನವಿಡೀ ಆಳುಗಳ ಹಿಂದೆ ನಿಂತು ನಿಂತು ನಡೆಯುವುದು ಈ ಲೆಕ್ಕಕ್ಕೆ ಸೇರದು. ವಾರಕ್ಕೆರಡು ದಿನ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವಂಥ, ಗೋಡೆಗೆ ಕೈಯೊತ್ತಿ ದಂಡ ಹೊಡೆಯುವಂಥ ಬಲದ ವ್ಯಾಯಾಮವೂ ಬೇಕು. ಏರಿನಲ್ಲಿ ಎದೆ ಹಿಡಿದಂತಾದರೆ, ಎಂದಿಲ್ಲದ ಏದುಸಿರು ಬಂದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ ವಾಯುವೆಂದು ಓಮದ ನೀರು ಕುಡಿದು ಮಲಗದೆ ತಕ್ಷಣ 108ಕ್ಕೆ ಕರೆ ಮಾಡಬೇಕೆಂದು ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಪತ್ನಿಗೆ ಪ್ರತ್ಯೇಕವಾಗಿ ಕೇಳಿಕೊಂಡದ್ದು ಹಾಳೆ ಎಣಿಸುವುದನ್ನು ನಿಲ್ಲಿಸಬೇಕೆಂದು. ಅದು ಅವರಿಗೆ ಕಷ್ಟವಾಯಿತು.

ಜನವರಿಯಲ್ಲಿ, ರೋಬಸ್ಟಾ ಕೊಯ್ಲು ಶುರುವಾಗುವ ಹೊತ್ತಿಗೆ ಬಂದಾಗ ರಕ್ತದೊತ್ತಡ 132/84, ಎಲ್‌ಡಿಎಲ್ 96 ಇತ್ತು. ಎಚ್‌ಬಿಎ1ಸಿ 6.0, ಅಂದರೆ ಹೆಚ್ಚೇನೂ ಇಳಿದಿರಲಿಲ್ಲ. ಬೆಲ್ಲದ ಕಾಫಿ ಎರಡು ಲೋಟಕ್ಕೆ ಬಂದಿತ್ತು, ಮೂರೆಂದು ಪತ್ನಿ ತಿದ್ದಿದರು. ಮೆಟ್‌ಫಾರ್ಮಿನ್ನನ್ನು ಸದ್ಯಕ್ಕೆ ಮುಂದುವರಿಸಿ, ವರ್ಷದ ಕೊನೆಗೆ ವಿಟಮಿನ್ ಬಿ12 ಪರೀಕ್ಷೆಯೊಂದಿಗೆ ಮತ್ತೆ ನೋಡೋಣವೆಂದು ವೈದ್ಯರು ಹೇಳಿದ್ದರಂತೆ. ಪುಟ್ಟ ಪುಸ್ತಕದಲ್ಲಿ ಈಗ ನಡಿಗೆಗೊಂದು, ಮಾತ್ರೆಗೊಂದು ಅಂಕಣವಿತ್ತು, ಎರಡರಲ್ಲೂ ನೀಲಿ ಗೀಟು. ಮೂರನೆಯದೊಂದು ಗೆರೆ ಎಳೆದು ಖಾಲಿ ಬಿಟ್ಟಿದ್ದರು. ಅದೇಕೆಂದು ಕೇಳಿದ್ದಕ್ಕೆ, ಅಣ್ಣನ ಮಗನಿಗೆ ಈಗ 30 ತುಂಬಿದೆ, ಅವನ ರಕ್ತದೊತ್ತಡ ಬರೆಯಲು ಎಂದರು. ಹುಡುಗ ಇನ್ನೂ ಪರೀಕ್ಷೆಗೆ ಒಪ್ಪಿಲ್ಲ, ಮುಂದಿನ ಸಲ ಅವನನ್ನು ಕರೆತರಲೇ ಎಂದು ಕೇಳಿದರು.