ಹೋಮ್‌ಸ್ಕೂಲ್ ಮಾಡಿಸುತ್ತಾ ಸರ್ಕಾರಿ ಶಾಲೆಯ ತಂಡದಲ್ಲಿ ಓಡಿಸಬಹುದೇ? ಮೊದಲು ತಾರೀಖು ನೋಡಿ

ಶಾಲೆ ಬಿಡಿಸುವ ಪತ್ರ ಇನ್ನೂ ಕಳಿಸಿಲ್ಲ ತಾನೇ? ಕಳಿಸಬೇಡಿ. 9ನೇ ತರಗತಿಯ ಮಗನನ್ನು ಡಿಸೆಂಬರ್ ರಜೆಯಲ್ಲಿ ಬಿಡಿಸಿ ಮನೆಯಲ್ಲೇ ಓದಿಸುತ್ತೇವೆ, ಆದರೆ ಟೆಕ್ಸಾಸ್‌ನ ಅದೇ ಸರ್ಕಾರಿ ಶಾಲೆಯ ಟ್ರ್ಯಾಕ್ ತಂಡದಲ್ಲಿ ಓಡಿಸುವುದು ಸರಿಯೇ, ಬೇರೆ ಮಕ್ಕಳ ಜಾಗ ಕಸಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಮ್ಮ ಮನೆಯಲ್ಲೂ ಹೀಗೇ ಇತ್ತು: ಮಗಳು, 9ನೇ ತರಗತಿ, 1600 ಮೀಟರ್ ಓಟ.

ಇಲ್ಲಿ ಶಾಲೆ ಬಿಡಿಸುವುದು ತೀರಾ ಸುಲಭ. 1994ರ ಲೀಪರ್ ಪ್ರಕರಣದ ತೀರ್ಪಿನ ನಂತರ ಹೋಮ್‌ಸ್ಕೂಲ್ ಅಂದರೆ ಕಾನೂನಿನ ಕಣ್ಣಿಗೆ ಒಂದು ಖಾಸಗಿ ಶಾಲೆ. ಓದು, ಕಾಗುಣಿತ, ವ್ಯಾಕರಣ, ಗಣಿತ, ಪೌರನೀತಿ, ಈ ಐದು ವಿಷಯ ಪಠ್ಯಕ್ರಮದಲ್ಲಿದ್ದರೆ ಆಯಿತು. ಯಾರ ಅನುಮತಿಯೂ ಬೇಡ. ಸಹಿ ಮಾಡಿ ತಾರೀಖು ಹಾಕಿದ ಒಂದು ಪತ್ರ ಸಾಕು. ನಾನು ಅದನ್ನು ಜನವರಿ ಮೊದಲ ವಾರ ಕಳಿಸಿದೆ. ಟ್ರ್ಯಾಕ್ ಶುರುವಾಗುವುದು ಫೆಬ್ರವರಿಯಲ್ಲಿ. ನಮ್ಮ ಡಿಸ್ಟ್ರಿಕ್ಟ್ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಹೋಮ್‌ಸ್ಕೂಲ್ ಮಕ್ಕಳನ್ನು ತಂಡಕ್ಕೆ ಸೇರಿಸಿಕೊಳ್ಳುತ್ತದೆಯೇ ಎಂದು ವಿಚಾರಿಸಿದ್ದೆ, ಹೌದು ಎಂದಿದ್ದರು. ನಾನು ಕೇಳಿದ್ದು ಅಷ್ಟೇ, ಅವರು ಹೇಳಿದ್ದೂ ಅಷ್ಟೇ.

ಕೇಳದೆ ಬಿಟ್ಟ ನಿಯಮ ಇದು: ಒಂದು ಶಾಲಾವರ್ಷದಲ್ಲಿ ಸರ್ಕಾರಿ ಶಾಲೆಗೆ ದಾಖಲಾಗಿದ್ದ ಮಗು, ಆ ವರ್ಷದ ಉಳಿದ ಅವಧಿಯಲ್ಲಿ ಹೋಮ್‌ಸ್ಕೂಲ್ ವಿದ್ಯಾರ್ಥಿಯಾಗಿ ಯುಐಎಲ್ (ಟೆಕ್ಸಾಸ್‌ನ ಸರ್ಕಾರಿ ಶಾಲೆಗಳ ಸ್ಪರ್ಧೆಗಳನ್ನು ನಡೆಸುವ ಸಂಸ್ಥೆ) ಸ್ಪರ್ಧೆಗೆ ಇಳಿಯುವಂತಿಲ್ಲ. ಅಂಕ ಎಷ್ಟೇ ಚೆನ್ನಾಗಿರಲಿ, ಕೋಚ್ ಎಷ್ಟೇ ಬಯಸಲಿ, ಲೆಕ್ಕಕ್ಕಿಲ್ಲ. ಪತ್ರದ ಮೇಲೆ ಜನವರಿ ತಾರೀಖು ಬಿದ್ದ ಗಳಿಗೆಯಿಂದ ಅವಳು ಶಾಲೆಯ ವಿದ್ಯಾರ್ಥಿನಿಯಾಗಿಯೂ ಓಡುವಂತಿಲ್ಲ, ಮನೆಯಲ್ಲಿ ಓದುವವಳಾಗಿಯೂ ಓಡುವಂತಿಲ್ಲ. ಇಡೀ ಸೀಸನ್ ಹೋಯಿತು.

ಈ ನಿಯಮಕ್ಕೆ ಕಾರಣವಿದೆ. 1984ರಿಂದ ಟೆಕ್ಸಾಸ್‌ನಲ್ಲಿ 'ಪಾಸಾಗದಿದ್ದರೆ ಆಟವಿಲ್ಲ' ಎಂಬ ಕಾನೂನಿದೆ. ಗ್ರೇಡಿಂಗ್ ಅವಧಿಯ ಕೊನೆಗೆ ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಕನಿಷ್ಠ ಮೂರು ವಾರ ಪಂದ್ಯವಿಲ್ಲ. ಫೇಲಾದ ಆಟಗಾರನನ್ನು ಮರುದಿನವೇ ಶಾಲೆ ಬಿಡಿಸಿ, ಅಮ್ಮನ ಕೈಯಲ್ಲಿ 90 ಅಂಕ ಹಾಕಿಸಿ ಮತ್ತೆ ಅಂಗಳಕ್ಕಿಳಿಸುವ ದಾರಿಯನ್ನು ಈ ನಿಯಮ ಮುಚ್ಚುತ್ತದೆ. ಅದು ನ್ಯಾಯವೇ ಸರಿ. ನನ್ನ ಮಗಳು ಒಂದೂ ವಿಷಯದಲ್ಲಿ ಫೇಲಾಗಿರಲಿಲ್ಲ, ಆದರೆ ನಿಯಮ ನೋಡುವುದು ತಾರೀಖನ್ನು, ಉದ್ದೇಶವನ್ನಲ್ಲ.

ಇನ್ನೊಂದು ವಿಷಯ ಏಪ್ರಿಲ್‌ನಲ್ಲಿ ಗೊತ್ತಾಯಿತು, ಈಗಲೂ ಸಂಕಟವಾಗುತ್ತದೆ. ದಾಖಲಾದ ವಿದ್ಯಾರ್ಥಿಗೆ ಯುಐಎಲ್ ಕೇಳುವ ಹಾಜರಾತಿ, ಸ್ಪರ್ಧೆಗೆ ಮುನ್ನ ಕನಿಷ್ಠ 15 ದಿನ. ಜನವರಿಯಲ್ಲೇ ತಪ್ಪು ಅರಿತು ಅವಳನ್ನು ವಾಪಸ್ ಸೇರಿಸಿದ್ದರೆ ಫೆಬ್ರವರಿ ಕೊನೆಯ ಹೊತ್ತಿಗೆ ಓಡಬಹುದಿತ್ತು. ಆ ಹೊತ್ತಿನಲ್ಲಿ ನಾನು ಡಿಸ್ಟ್ರಿಕ್ಟ್‌ಗೆ ವಿನಾಯಿತಿ ಕೇಳಿ ಪತ್ರದ ಮೇಲೆ ಪತ್ರ ಬರೆಯುತ್ತಿದ್ದೆ.

ಈಗ ನಿಮ್ಮ 'ಜಾಗ ಕಸಿಯುವ' ಮಾತು. ಆ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯುಐಎಲ್‌ನ ಡಿಸ್ಟ್ರಿಕ್ಟ್ ಮೀಟ್‌ನಲ್ಲಿ, ಅಂದರೆ ಒಂದು ಗುಂಪಿನ ಶಾಲೆಗಳ ನಡುವಿನ ಸ್ಪರ್ಧೆಯಲ್ಲಿ, ಒಂದು ಶಾಲೆಯಿಂದ ಒಂದು ವೈಯಕ್ತಿಕ ಸ್ಪರ್ಧೆಗೆ ಮೂವರು. ಆ ಮೂವರು ಯಾರೆಂದು ಹೇಳುವುದು ಸ್ಟಾಪ್‌ವಾಚ್. ಕ್ರಾಸ್ ಕಂಟ್ರಿಯಲ್ಲಿ (ಬಯಲಿನಲ್ಲಿ ಓಡುವ ದೂರದ ಓಟ) ವಾರ್ಸಿಟಿಗೆ, ಅಂದರೆ ಶಾಲೆಯ ಮುಖ್ಯ ತಂಡಕ್ಕೆ, ಏಳು ಮಂದಿ, ಉಳಿದವರು ಎರಡನೇ ತಂಡವಾದ ಜೆವಿಯಲ್ಲಿ ಓಡುತ್ತಾರೆ. ವಾಲಿಬಾಲ್‌ನಂಥ ಆಟದಲ್ಲಿ, ಕೋಚ್ ಕಣ್ಣಳತೆಯಲ್ಲಿ ಹನ್ನೆರಡು ಮಕ್ಕಳನ್ನು ಆರಿಸುವಾಗ, ನಿಮ್ಮ ಅಳುಕಿಗೆ ಅರ್ಥವಿದೆ. ಓಟಕ್ಕಿಲ್ಲ. ಶಾಲೆಗೆ ಹೋಗುವ ಆಸ್ತಿ ತೆರಿಗೆ ನೀವೂ ಕಟ್ಟುತ್ತೀರಿ. ಶಾಲೆಗೆ ರಾಜ್ಯದ ಹಣ ಹಾಜರಾತಿಯ ಲೆಕ್ಕದಲ್ಲಿ ಬರುತ್ತದೆ, ನಿಮ್ಮ ಮಗ ಆ ಲೆಕ್ಕದಲ್ಲಿಲ್ಲ ಎಂಬ ಆಕ್ಷೇಪವನ್ನು ಮಾತ್ರ ನಾನು ಗೌರವಿಸುತ್ತೇನೆ. ಅದಕ್ಕೆ ನಮ್ಮಿಂದಾದ ಉತ್ತರ, ಮೀಟ್ ದಿನ ಟೈಮಿಂಗ್‌ಗೆ, ನೀರಿನ ಮೇಜಿಗೆ ತಂದೆತಾಯಿ ಇಬ್ಬರೂ ಹೋಗಿ ನಿಲ್ಲುವುದು.

ಸ್ಕಾಲರ್‌ಶಿಪ್ ಆಸೆಗೆ ತಂಡ ಬೇಕು ಎಂದಿದ್ದರೆ ಅದನ್ನು ಬಿಡಿ. ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ಮೇಲಿನ ಹಂತವಾದ ಡಿವಿಷನ್ 1ಕ್ಕೆ 16 ಕೋರ್ ಕೋರ್ಸ್ (ಮುಖ್ಯ ಪಾಠವಿಷಯಗಳು) ಬೇಕು, ಹೋಮ್‌ಸ್ಕೂಲ್ ಆದರೆ ಪ್ರತಿ ಕೋರ್ಸಿಗೂ ಯಾವ ಪುಸ್ತಕ, ಏನು ಕಲಿಸಿದಿರಿ ಎಂಬ ವರ್ಕ್‌ಶೀಟ್. ಆ ಕಡತವನ್ನು ಮೊದಲ ತಿಂಗಳಿಂದಲೇ ಕಟ್ಟಿ. ಮೂರು ವರ್ಷ ಬಿಟ್ಟು ನೆನಪಿನಿಂದ ಬರೆಯಲು ಆಗುವುದಿಲ್ಲ.

ಕಾಗದಪತ್ರ ಹೀಗೆ. 2021ರ ಕಾಯ್ದೆಯಲ್ಲಿ ಡಿಸ್ಟ್ರಿಕ್ಟ್ ತಾನಾಗಿ ಒಪ್ಪಿದರೆ ಮಾತ್ರ ಅವಕಾಶವಿತ್ತು. 2025ರಲ್ಲಿ ಅದು ತಿರುಗಿತು, ಬೇಡವೆಂದು ಡಿಸ್ಟ್ರಿಕ್ಟ್‌ನ ಆಡಳಿತ ಬೋರ್ಡ್ ನಿರ್ಣಯ ಮಾಡದಿದ್ದರೆ ಅವಕಾಶ ಉಂಟು. ಹಾಗಾಗಿ ಕೋಚ್ ಮಾತು ನಂಬಿ ಕೂರಬೇಡಿ, ಬೋರ್ಡ್ ನಿರ್ಣಯವನ್ನೇ ನೋಡಿ, ಅಥ್ಲೆಟಿಕ್ ಡೈರೆಕ್ಟರ್‌ಗೆ ಈಮೇಲ್ ಬರೆದು ಲಿಖಿತ ಉತ್ತರ ಪಡೆಯಿರಿ. ನಿಮ್ಮ ಡಿಸ್ಟ್ರಿಕ್ಟ್‌ನಲ್ಲಿ ಅವಕಾಶವಿದ್ದರೆ, ನಿಮ್ಮ ವಿಳಾಸ ಯಾವ ಹೈಸ್ಕೂಲಿನ ವ್ಯಾಪ್ತಿಗೆ ಬರುತ್ತದೋ ಅಲ್ಲೇ ಆಡಬೇಕು, ಒಳ್ಳೆಯ ಕೋಚ್ ಇರುವ ಶಾಲೆಯನ್ನು ಆರಿಸಿಕೊಳ್ಳುವಂತಿಲ್ಲ. ಅಯೋವಾ ಅಥವಾ ಸ್ಟ್ಯಾನ್‌ಫರ್ಡ್‌ನಂಥ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ ಸರಾಸರಿ ಮಟ್ಟ ಅಥವಾ ಅದಕ್ಕಿಂತ ಮೇಲಿನ ಅಂಕ ಬೇಕು. ಅದನ್ನು ಜೂನ್‌ನಲ್ಲೇ ಬರೆಸಿ. ಆಗಸ್ಟ್ ತನಕ ಕಾದರೆ ಫಲಿತಾಂಶ ಬರುವಷ್ಟರಲ್ಲಿ ಕ್ರಾಸ್ ಕಂಟ್ರಿ ಅಭ್ಯಾಸ ಶುರುವಾಗಿರುತ್ತದೆ. ವೈದ್ಯಕೀಯ ತಪಾಸಣೆ ಯುಐಎಲ್ ಫಾರ್ಮಿನಲ್ಲೇ ಆಗಿರಬೇಕು. ಶಾಲಾವರ್ಷದ ಮೊದಲ ಆರು ವಾರದ ನಂತರ, ಶಾಲೆಯ ಗ್ರೇಡಿಂಗ್ ಕ್ಯಾಲೆಂಡರ್ ಪ್ರಕಾರ, ಎಲ್ಲ ವಿಷಯದಲ್ಲೂ ಪಾಸಾಗುತ್ತಿದ್ದಾನೆಂದು ನೀವು ಲಿಖಿತವಾಗಿ ಕೊಡುತ್ತಿರಬೇಕು. ಒಂದು ಸಲ ಮರೆತರೂ ಅವನು ಬೆಂಚಿಗೆ.

ಅಭ್ಯಾಸದ ವೇಳೆಯನ್ನೂ ಈಗಲೇ ಕೇಳಿ. ಹಲವು ಶಾಲೆಗಳಲ್ಲಿ ಅದು ಹಗಲಿನ ಅಥ್ಲೆಟಿಕ್ಸ್ ಪೀರಿಯಡ್‌ನಲ್ಲೇ ನಡೆಯುತ್ತದೆ. ಶಾಲಾವೇಳೆಯ ಹೊರಗಿನ ಅಭ್ಯಾಸಕ್ಕೆ ವಾರಕ್ಕೆ ಎಂಟು ಗಂಟೆಯ ಮಿತಿ ಇದೆ. ಪೀರಿಯಡ್‌ಗೆ ಮಗನನ್ನು ಬಿಟ್ಟು ಕರೆತರುವವರು ಮನೆಯಲ್ಲಿ ಇರಬೇಕಾಗುತ್ತದೆ.

ಮಗ ಶಾಲೆಯಲ್ಲಿ ನಿಜಕ್ಕೂ ನರಳುತ್ತಿದ್ದರೆ ನಾಳೆಯೇ ಬಿಡಿಸಿ, ಈ ಸೀಸನ್ ಮರೆತುಬಿಡಿ. ಶಾಲೆಯ ಹೊರಗಿನ ಕ್ರೀಡಾ ಸಂಸ್ಥೆಗಳಾದ ಯುಎಸ್‌ಎಟಿಎಫ್ ಅಥವಾ ಎಎಯುವಿನ ಕ್ಲಬ್ ಸೇರಿಸಿ, ಬೇಸಿಗೆಯ ಮೀಟ್‌ಗಳಲ್ಲಿ ಓಡಲಿ. ಬರೀ ಬೇಸರವಾದರೆ ತಡೆದುಕೊಳ್ಳಿ. ಈ ವಸಂತದಲ್ಲಿ ಶಾಲೆಯ ಹುಡುಗನಾಗಿ 1600 ಓಡಲಿ, ಆಗಸ್ಟ್‌ನಲ್ಲಿ ಮನೆಯಲ್ಲಿ ಓದುವವನಾಗಿ ಕ್ರಾಸ್ ಕಂಟ್ರಿಗೆ ಬರಲಿ. ಪತ್ರದ ಮೇಲೆ ಹಾಕಬೇಕಾದ ತಾರೀಖು, ಈ ವರ್ಷದ ಕೊನೆಯ ಶಾಲಾದಿನದ ಮರುದಿನದ್ದು.