ಲಾಗೋಸ್‌ಗೆ ಬರುವ ಮುಂಚೆ: ಆ ಕಿತ್ತಳೆ ಟೋಪಿಯವರ ವಿಷಯ

ಮುಂದಿನ ತಿಂಗಳು ನೈಜೀರಿಯಾದ ಲಾಗೋಸ್‌ಗೆ ಕೆಲಸಕ್ಕೆ ಬರುತ್ತಿದ್ದೀರಿ, ಕೇಳಿ ಸಂತೋಷವಾಯಿತು. ಬಾಡಿಗೆ, ಅಕ್ಕಿ, ಕರೆಂಟು ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ನೀವು ಕೇಳಿದ್ದು, ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಸರ್ಕಾರವನ್ನು ಬೈಯುವವರು ಯಾರು, ಹೆದರಬೇಕಾ ಅಂತ. (ಟೋಪಿ ಬಣ್ಣಕ್ಕೆ ನಮ್ಮೂರಿನ ಅರ್ಥ ಹಚ್ಚಬೇಡಿ. ಅದು ಅವರ ಪಕ್ಷದ ಬಣ್ಣ, ಅಷ್ಟೇ.)

ಅವರು ಒಮೊಯೆಲೆ ಸೊವೊರೆ. ಇಲ್ಲಿನ ಥರ್ಡ್ ಮೇನ್‌ಲ್ಯಾಂಡ್ ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಲಾಗೋಸ್ ವಿಶ್ವವಿದ್ಯಾಲಯ ಕಾಣುತ್ತದೆ. 1990ರ ದಶಕದ ಶುರುವಿನಲ್ಲಿ ಸೊವೊರೆ ಅಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷ. ಆಗ ಮಿಲಿಟರಿ ಆಳ್ವಿಕೆ. 1993ರ ಜೂನ್ 12ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅಬಿಯೋಲಾ ಎಂಬ ಅಭ್ಯರ್ಥಿ ಗೆಲ್ಲುತ್ತಾರೆ ಅನ್ನುವಾಗ ಚುನಾವಣೆಯನ್ನೇ ರದ್ದು ಮಾಡಿದರು. ಹುಡುಗರು ಬೀದಿಗಿಳಿದರು, ಇವರೂ ಇಳಿದರು. ಆಮೇಲೆ ಅಮೆರಿಕ, 2006ರಲ್ಲಿ ನ್ಯೂಯಾರ್ಕ್‌ನಿಂದ ಸಹಾರಾ ರಿಪೋರ್ಟರ್ಸ್ ಎಂಬ ಸುದ್ದಿತಾಣ, 2018ರಲ್ಲಿ ಸ್ವಂತ ಪಕ್ಷ.

ಓಟು ಮಾತ್ರ ಬೀಳಲಿಲ್ಲ. 2019ರ ಅಧ್ಯಕ್ಷೀಯ ಚುನಾವಣೆಯಲ್ಲಿ ಗೆದ್ದ ಬುಹಾರಿಗೆ ಒಂದೂವರೆ ಕೋಟಿ, ಇವರಿಗೆ ಸುಮಾರು 34 ಸಾವಿರ. 2023ರಲ್ಲಿ 15 ಸಾವಿರವೂ ದಾಟಲಿಲ್ಲ.

ಹಾಗಂತ ಲೆಕ್ಕಕ್ಕಿಲ್ಲದವರು ಅಂದುಕೊಳ್ಳಬೇಡಿ. 2019ರ ಆಗಸ್ಟ್‌ನಲ್ಲಿ 'ಈಗಲೇ ಕ್ರಾಂತಿ' ಎಂದು ಪ್ರತಿಭಟನೆಗೆ ಕರೆ ಕೊಟ್ಟದ್ದಕ್ಕೆ ದೇಶದ್ರೋಹದ ಕೇಸು ಹಾಕಿ ಒಳಗಿಟ್ಟರು. ಡಿಸೆಂಬರ್ 5ಕ್ಕೆ ಬಿಟ್ಟರು. ಮರುದಿನವೇ ರಾಜಧಾನಿ ಅಬುಜಾದ ಕೋರ್ಟಿನೊಳಗೆ ಗುಪ್ತಚರದವರು ನುಗ್ಗಿ ಇವರನ್ನು ಮತ್ತೆ ಹಿಡಿದರು. ನಮ್ಮ ಗೋಡೌನಿನ ಟಿವಿಯಲ್ಲಿ ಅದು ಬಂದಾಗ, ಸೊವೊರೆಯನ್ನು ದಿನಾ ಗೇಲಿ ಮಾಡುತ್ತಿದ್ದ ಸ್ಟೋರ್‌ಕೀಪರ್ ರಿಜಿಸ್ಟರ್ ಮುಚ್ಚಿ ಎದ್ದು ನಿಂತುಬಿಟ್ಟ. ಒಂದು ಲಾರಿ ಲೋಡು ಅರ್ಧ ಗಂಟೆ ಹಾಗೇ ನಿಂತಿತ್ತು. ಕ್ರಿಸ್ಮಸ್ ಹಿಂದಿನ ದಿನ ಮತ್ತೆ ಬಿಡುಗಡೆ.

2023ರಲ್ಲಿ ಪೆಟ್ರೋಲ್ ಸಬ್ಸಿಡಿ ತೆಗೆದ ಮೇಲೆ ಬಂಕಿನ ಮುಂದೆ ಕ್ಯೂನಲ್ಲಿ ಕೂತು ನನ್ನ ಡ್ರೈವರ್ ಇವರದೇ ವಿಡಿಯೊ ಹಾಕುತ್ತಿದ್ದ. ಓಟು ಹಾಕಿದ್ಯಾ ಅಂತ ಕೇಳಿದೆ. "ಓಟು ಯಾಕೆ ದಂಡ ಮಾಡ್ಲಿ ಸಾರ್? ಆದ್ರೆ ಅವನು ಬೈಯೋದು ನನ್ನ ಬೈಗುಳಾನೇ" ಎಂದ.

ಹೆದರಬೇಡಿ. ಪ್ರತಿಭಟನೆ ಇದೆ ಅಂದರೆ ಹಿಂದಿನ ಸಂಜೆಯೇ ಪೆಟ್ರೋಲ್, ಬ್ರೆಡ್ಡು ತಂದಿಟ್ಟು ಮನೆಯಲ್ಲಿರಿ. ನಾವು ಪರ್ಮಿಟ್ ಮೇಲೆ ಇರುವವರು, ಕೇಳಿಸಿಕೊಳ್ಳಬೇಕು, ಬಾಯಿ ಹಾಕಬಾರದು. ವಿಡಿಯೊನೂ ತೆಗೆಯಬೇಡಿ. ನಾನೊಮ್ಮೆ ಕಿಟಕಿಯಿಂದ ತೆಗೆದು ಮನೆಯವರ ಗುಂಪಿಗೆ ಸುಮ್ನೆ ಹಾಕಿದೆ. ಹುಬ್ಬಳ್ಳಿಯಲ್ಲಿ ಅಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ವಿಮಾನ ಯಾವತ್ತು ಅಂತ ತಿಳಿಸಿ, ಅದೇ ಡ್ರೈವರನ್ನು ಕಳಿಸುತ್ತೇನೆ. ಸೊವೊರೆ ವಿಷಯ ನೀವಾಗಿ ಎತ್ತಬೇಡಿ, ಮನೆ ಮುಟ್ಟಿದರೂ ಮುಗಿಯಲ್ಲ.