ಕೆಳಗಿನ ಒಸಡಲ್ಲಿ ರಕ್ತ ಬಂದರೆ ಉಜ್ಜುವುದನ್ನು ಬಿಡಬೇಡಿ
ಹಲ್ಲುಜ್ಜುವಾಗ ಕೆಳಗಿನ ಒಸಡಲ್ಲಿ ರಕ್ತ ಬರುತ್ತದೆ ಅಂದಿದ್ದೀರಿ. ಒಸಡಿನ ಅಂಚಿನಲ್ಲಿ ಕೂತ ಪ್ಲಾಕ್‌ನಿಂದಲೇ (ಹಲ್ಲಿಗೆ ಅಂಟುವ ಮೆತ್ತನೆಯ ಪಾಚಿ) ನಿಮಗೆ ರಕ್ತ ಬರುತ್ತಿರಬೇಕು. ಆ ಜಾಗ ಉಜ್ಜದೆ ಬಿಡಲಾ ಅಂತ ಕೇಳಿದ್ದೀರಿ. ಬಿಟ್ಟರೆ ಇನ್ನೂ ಜಾಸ್ತಿಯಾಗುತ್ತದೆ. ಹಲ್ಲಿಗೂ ಒಸಡಿಗೂ ನಡುವೆ ಸಣ್ಣ ಸಂದು ಎಲ್ಲರಿಗೂ ಇರುತ್ತದೆ. ಚೆನ್ನಾಗಿರುವ ಒಸಡಿನಲ್ಲಿ ಅದರ ಆಳ 1ರಿಂದ 3 ಮಿ.ಮೀ. ಅಷ್ಟೇ, ಮೆಲ್ಲಗೆ ಮುಟ್ಟಿದರೆ ರಕ್ತ ಬರುವುದಿಲ್ಲ.

ಮೊದಲು ಮೆತ್ತನೆಯ ಬ್ರಷ್ ತನ್ನಿ. ಒಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ದಿನಕ್ಕೆರಡು ಸಲ 2 ನಿಮಿಷ ಉಜ್ಜಿ. ರಾತ್ರಿ ಫ್ಲಾಸ್ ಮಾಡಿ, ಅಂದರೆ ತೆಳು ದಾರದಿಂದ ಹಲ್ಲುಗಳ ನಡುವೆ ಶುಚಿ ಮಾಡಿ. ಶುರುವಿನಲ್ಲಿ ರಕ್ತ ಕಂಡರೂ ನಿಲ್ಲಿಸಬೇಡಿ.

2 ವಾರದಲ್ಲೂ ಕಡಿಮೆಯಾಗದಿದ್ದರೆ ದಂತವೈದ್ಯರಿಗೆ ತೋರಿಸಿ. ಕಲ್ಲಿನಂತೆ ಗಟ್ಟಿಯಾದ ಪಾಚಿ ಬ್ರಷ್‌ಗೆ ಬಿಡುವುದಿಲ್ಲ, ಕ್ಲೀನಿಂಗೇ ಆಗಬೇಕು. ಹಲ್ಲು-ಒಸಡಿನ ಸಂದು 3 ಮಿ.ಮೀ. ದಾಟಿದೆಯಾ ಅಂತಲೂ ಅಳೆಯಲು ಹೇಳಿ. ಹಲ್ಲು ಅಲುಗಾಡುತ್ತಿದ್ದರೆ, ಕೀವು ಬರುತ್ತಿದ್ದರೆ ಸುಮ್ನೆ ಕಾಯಬೇಡಿ, ಈಗಲೇ ಹೋಗಿ. ಹಲ್ಲನ್ನು ಹಿಡಿದ ಮೂಳೆ ಕರಗುತ್ತಿರಬಹುದು.